ಬಾಡಿಗೆ ಬಾಕಿ: ಹಲವು ಬಾಡಿಗೆದಾರರ ಮೇಲೆ ಡಿಕ್ರಿ ಪಡೆಯುವ ಬಗೆ

ಬಾಡಿಗೆ ಬಾಕಿ ಉಳಿಸಿಕೊಂಡವರು ಮೂವರೋ ನಾಲ್ವರೋ ಇದ್ದಾಗ ಮಾಲೀಕರು ವಕೀಲರ ಹತ್ತಿರ ಮೊದಲು ಕೇಳುವುದು, ‘ಎಲ್ಲರ ಮೇಲೂ ಸೇರಿಸಿ ಒಂದೇ ಕೇಸು ಹಾಕಬಹುದಾ?’ ಎಂದು. ಎಷ್ಟು ಜನ ಇದ್ದಾರೆ ಎನ್ನುವುದನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಎಷ್ಟು ಕರಾರು ಇವೆ ಎಂದು ನೋಡಬೇಕು. ಮೂವರು ಗೆಳೆಯರು ಒಂದೇ ಕರಾರುಪತ್ರಕ್ಕೆ ಸಹಿ ಹಾಕಿ ಒಂದು ಮನೆ ಹಿಡಿದಿದ್ದರೆ ಅದು ಒಂದೇ ಸಾಲ, ಒಂದೇ ದಾವೆ. ಒಂದೇ ಕಟ್ಟಡದ ಮೂರು ಪೋರ್ಷನ್‌ಗಳಲ್ಲಿ ಮೂರು ಸಂಸಾರಗಳು ಬೇರೆ ಬೇರೆ ಕರಾರಿನ ಮೇಲೆ ಇದ್ದರೆ ಅವು ಮೂರು ಸಾಲ. ಈ ವ್ಯತ್ಯಾಸವನ್ನು ನೋಟಿಸು ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳದಿದ್ದರೆ ಮುಂದೆ ಲೆಕ್ಕ, ಕೋರ್ಟ್ ಫೀ, ಸಮನ್ಸ್, ಜಪ್ತಿ ಎಲ್ಲವೂ ಗೋಜಲಾಗುತ್ತವೆ. ಇಲ್ಲಿ ಹೇಳಿರುವುದು ಡಿಕ್ರಿ, ಅಂದರೆ ಬಾಕಿ ಕೊಡಬೇಕೆಂಬ ನ್ಯಾಯಾಲಯದ ಆದೇಶ, ಪಡೆಯಲು ಕರ್ನಾಟಕದ ನ್ಯಾಯಾಲಯಗಳಲ್ಲಿ ನಡೆಯುವ ಕ್ರಮ.

ಒಂದೇ ಕರಾರು, ಹಲವು ಸಹಿ

ತಿಂಗಳಿಗೆ 27,000 ರೂಪಾಯಿಯ ಮನೆ, ಮೂವರ ಸಹಿ ಎಂದುಕೊಳ್ಳೋಣ. ಒಳಗೊಳಗೆ ಅವರು ತಲಾ 9,000 ಹಂಚಿಕೊಂಡಿರುತ್ತಾರೆ. ಎಂಟು ತಿಂಗಳು ಒಬ್ಬ ಮಾತ್ರ ತನ್ನ 9,000 ಹಾಕುತ್ತಾ ಬಂದ, ಉಳಿದಿಬ್ಬರು ಏನೂ ಕೊಡಲಿಲ್ಲ. ಕೊಡಬೇಕಿದ್ದದ್ದು 2,16,000, ಬಂದದ್ದು 72,000, ಬಾಕಿ 1,44,000. ‘ನನ್ನ ಪಾಲು ನಾನು ಚುಕ್ತಾ ಮಾಡಿದ್ದೇನೆ, ನನ್ನನ್ನು ಬಿಡಿ’ ಎಂದು ಆ ಮೊದಲನೆಯವನು ಹೇಳಿದರೆ ಅದು ನಿಲ್ಲುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ ಕಲಂ 43ರ ಪ್ರಕಾರ, ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಬಹುದು. ಹೆಚ್ಚು ಕೊಟ್ಟವನು ಆಮೇಲೆ ಉಳಿದವರಿಂದ ಅವರ ಪಾಲು ಕೇಳಿಕೊಳ್ಳಬೇಕು. ಕರಾರಿನಲ್ಲೇ ‘ಪ್ರತಿಯೊಬ್ಬರ ಹೊಣೆ ತಲಾ 9,000ಕ್ಕೆ ಸೀಮಿತ’ ಎಂದು ಬರೆದಿದ್ದರೆ ಮಾತ್ರ ಕಥೆ ಬೇರೆ. ಮೂರು ಬೇರೆ ರಸೀದಿ ಕೊಡುವ ಅಭ್ಯಾಸವಿರುವ ಮಾಲೀಕರು ಅದನ್ನು ಇಂದೇ ನಿಲ್ಲಿಸಿದರೆ ಒಳ್ಳೆಯದು. ಹೊಣೆಯನ್ನು ನೀವೇ ಒಡೆದು ಕೊಟ್ಟಿದ್ದೀರಿ ಎಂದು ವಾದಿಸಲು ಎದುರು ವಕೀಲರಿಗೆ ಅಷ್ಟು ಸಾಕು.

ಒಂದೇ ಕರಾರಿನ ಮೇಲೆ ಹೊಣೆಗಾರರಾದವರನ್ನೆಲ್ಲ, ಅಥವಾ ಅವರಲ್ಲಿ ಕೆಲವರನ್ನು ಮಾತ್ರ, ಪ್ರತಿವಾದಿಗಳಾಗಿ ಸೇರಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 1 ರೂಲ್ 6 ಅವಕಾಶ ಕೊಡುತ್ತದೆ. ಊರು ಬಿಟ್ಟು ಹೋದವನ ವಿಳಾಸ ಸಿಗದಿದ್ದರೆ ಅವನನ್ನು ಕೈಬಿಟ್ಟು ಉಳಿದಿಬ್ಬರ ಮೇಲೆ ಪೂರ್ತಿ ಮೊತ್ತಕ್ಕೆ ಹೋಗಬಹುದು ಎಂದರ್ಥ. ಒಬ್ಬನೊಂದಿಗೆ ರಾಜಿಯಾದರೂ ಉಳಿದವರು ಬಿಡುಗಡೆಯಾಗುವುದಿಲ್ಲ, ಕರಾರು ಅಧಿನಿಯಮದ ಕಲಂ 44 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ರಾಜಿಪತ್ರದಲ್ಲಿ ‘ಬಾಕಿ ಪೂರ್ತಿ ತೀರಿದೆ’ ಎಂದು ಬರೆದುಕೊಟ್ಟರೆ ಆ ಸಾಲೇ ನಿಮಗೆ ಮುಳುವು. ‘ಇಷ್ಟು ಹಣ 2ನೇ ಪ್ರತಿವಾದಿಯಿಂದ ಬಂದಿದೆ, ಉಳಿದ ಇಷ್ಟಕ್ಕೆ 1 ಮತ್ತು 3ನೇ ಪ್ರತಿವಾದಿಗಳ ಮೇಲಿನ ಹಕ್ಕು ಹಾಗೇ ಇದೆ’ ಎಂದೇ ಬರೆಯಿರಿ.

ಯಾರನ್ನು ಸೇರಿಸಬೇಕು, ಯಾರನ್ನು ಬೇಡ ಎನ್ನುವಲ್ಲಿ ತಪ್ಪುಗಳು ಹೆಚ್ಚು. ಕರಾರಿಗೆ ಸಹಿ ಹಾಕದೆ ಮನೆಯಲ್ಲಿ ಇರುವ ಹೆಂಡತಿ, ತಮ್ಮ, ಅತ್ತೆ ಬಾಡಿಗೆಗೆ ಹೊಣೆಯಲ್ಲ. ಸುಮ್ಮನೆ ಒತ್ತಡ ತರಲು ಅವರ ಹೆಸರು ಹಾಕಿದರೆ ಸಮನ್ಸ್ ಜಾರಿಯಾಗುವುದೇ ತಡವಾಗುತ್ತದೆ. ಒಳಬಾಡಿಗೆದಾರನಿಗೂ ನಿಮಗೂ ಕರಾರಿಲ್ಲ, ಬಾಡಿಗೆ ಕೇಳಬೇಕಾದದ್ದು ಮೂಲ ಬಾಡಿಗೆದಾರನನ್ನು. ಪಾಲುದಾರಿಕೆ ಸಂಸ್ಥೆ ಬಾಡಿಗೆದಾರನಾಗಿದ್ದರೆ ಆರ್ಡರ್ 30ರ ಪ್ರಕಾರ ಸಂಸ್ಥೆಯ ಹೆಸರಿನಲ್ಲೇ ದಾವೆ ಹೂಡಬಹುದು, ಪಾಲುದಾರರ ಸ್ವಂತ ಆಸ್ತಿಯೂ ಬಾಧ್ಯವಾಗುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ದರೆ ನಿರ್ದೇಶಕರು ವೈಯಕ್ತಿಕವಾಗಿ ಹೊಣೆಯಲ್ಲ. ಪ್ರತ್ಯೇಕ ಜಾಮೀನು ಬರೆದುಕೊಟ್ಟಿದ್ದರೆ ಮಾತ್ರ ಅವರನ್ನೂ ಎಳೆಯಬಹುದು. ಜಾಮೀನುದಾರನ ಹೊಣೆ ಮೂಲ ಸಾಲಗಾರನಷ್ಟೇ ವಿಸ್ತಾರವಾದದ್ದು.

ಬಾಡಿಗೆದಾರ ತೀರಿಕೊಂಡು ಮಕ್ಕಳು ಮುಂದುವರಿದಿದ್ದರೆ ಅವರು ಜಂಟಿ ಬಾಡಿಗೆದಾರರೇ, ಒಬ್ಬೊಬ್ಬರಿಗೂ ಬೇರೆ ಬಾಡಿಗೆ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಎಚ್.ಸಿ. ಪಾಂಡೆ ವಿರುದ್ಧ ಜಿ.ಸಿ. ಪೌಲ್ ಪ್ರಕರಣದಲ್ಲಿ ಹೇಳಿದೆ. ಸತ್ತವನ ಕಾಲದ ಬಾಕಿಗೆ ವಾರಸುದಾರರು ಹೊಣೆಯಾಗುವುದು ಅವನಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಸಾವಿನ ನಂತರ ಅವರೇ ವಾಸವಿದ್ದ ಅವಧಿಯ ಬಾಡಿಗೆಗೆ ಈ ಮಿತಿ ಇಲ್ಲ. ಲೆಕ್ಕದಲ್ಲಿ ಈ ಎರಡು ಅವಧಿಗಳನ್ನು ಬೇರೆ ಬೇರೆ ತೋರಿಸಿ.

ಬೇರೆ ಬೇರೆ ಕರಾರುಗಳಿದ್ದರೆ

ಆರ್ಡರ್ 1 ರೂಲ್ 3 ಹಲವು ಪ್ರತಿವಾದಿಗಳನ್ನು ಸೇರಿಸಲು ಎರಡು ಶರತ್ತು ಹಾಕುತ್ತದೆ: ಬೇಡಿಕೆ ಒಂದೇ ವ್ಯವಹಾರದಿಂದ ಅಥವಾ ವ್ಯವಹಾರಗಳ ಒಂದೇ ಸರಣಿಯಿಂದ ಹುಟ್ಟಿರಬೇಕು, ಜತೆಗೆ ಎಲ್ಲರಿಗೂ ಸಾಮಾನ್ಯವಾದ ಪ್ರಶ್ನೆ ಇರಬೇಕು. ಮಾಲೀಕ ಒಬ್ಬನೇ, ಕಟ್ಟಡ ಒಂದೇ ಎಂಬುದು ಇದಕ್ಕೆ ಸಾಲದು. ಮೇಲಿನ ಮನೆಯವನು ಜೂನ್‌ನಿಂದ ಕೊಟ್ಟಿಲ್ಲ, ಕೆಳಗಿನ ಅಂಗಡಿಯವನು ಎರಡು ವರ್ಷದಿಂದ ಅರ್ಧ ಕೊಡುತ್ತಿದ್ದಾನೆ. ಇವೆರಡಕ್ಕೂ ಏನು ಸಂಬಂಧ?

ಒಟ್ಟಿಗೆ ಹಾಕಿದರೆ ಖರ್ಚು ಉಳಿಯುತ್ತದೆ ಎಂಬುದು ಭ್ರಮೆ. ಪ್ರತ್ಯೇಕ ವ್ಯಾಜ್ಯಕಾರಣಗಳನ್ನು ಒಂದೇ ದಾವೆಯಲ್ಲಿ ಕೂಡಿಸಿದರೆ, ಬೇರೆ ಬೇರೆ ದಾವೆ ಹಾಕಿದ್ದರೆ ಎಷ್ಟು ಫೀ ಆಗುತ್ತಿತ್ತೋ ಅಷ್ಟನ್ನೂ ಕೂಡಿಸಿ ಕಟ್ಟಬೇಕು ಎನ್ನುತ್ತದೆ 1958ರ ಕರ್ನಾಟಕ ಕೋರ್ಟ್ ಫೀ ಮತ್ತು ದಾವೆಗಳ ಮೌಲ್ಯಮಾಪನ ಅಧಿನಿಯಮ. ಮೂರು ಮನೆಗಳಿಂದ ತಲಾ 1,80,000 ಬಾಕಿ ಇದ್ದರೆ ಒಂದೊಂದಕ್ಕೆ 12,225. ಸೇರಿಸಿದರೂ 36,675, ಬಿಡಿಸಿದರೂ 36,675. ಕೂಡಿಸಿದರೆ ಸಿಗುವುದು ತಾಪತ್ರಯ ಮಾತ್ರ: ಮೂವರಲ್ಲಿ ಒಬ್ಬನಿಗೆ ಸಮನ್ಸ್ ಮುಟ್ಟದಿದ್ದರೂ ಮೂರೂ ನಿಲ್ಲುತ್ತವೆ, ಒಬ್ಬ ರಾಜಿಗೆ ಬಂದರೂ ಕಡತ ಮುಚ್ಚುವುದಿಲ್ಲ, ಕೊನೆಗೆ ನ್ಯಾಯಾಲಯವೇ ವಿಚಾರಣೆಯನ್ನು ಬೇರ್ಪಡಿಸಬಹುದು.

ಹಾಗಾಗಿ ಮೂರು ವಾದಪತ್ರ ಬರೆಯಿರಿ. ಒಂದೇ ದಿನ ದಾಖಲಿಸಿ, ಒಂದೇ ನ್ಯಾಯಾಲಯಕ್ಕೆ ಬಂದರೆ ಒಂದೇ ದಿನಾಂಕ ಕೊಡುವಂತೆ ಮೆಮೊ ಹಾಕಿ. ಮಾಲೀಕತ್ವದ ದಾಖಲೆಗಳ, ಅಂದರೆ ಖಾತಾ, ಕ್ರಯಪತ್ರಗಳ, ದೃಢೀಕೃತ ಪ್ರತಿಯನ್ನು ಮೂರು ಸೆಟ್ ಮಾಡಿಸಿಕೊಳ್ಳಿ. ಮೂಲ ಪ್ರತಿ ಒಂದೇ ಕಡತದಲ್ಲಿ ಸಿಕ್ಕಿಕೊಂಡರೆ ಉಳಿದೆರಡರ ಸಾಕ್ಷ್ಯದ ದಿನ ಪರದಾಟ ತಪ್ಪದು.

ಲೆಕ್ಕದ ಹಾಳೆ

ದಾವೆ ಗೆಲ್ಲುವುದೋ ಸೋಲುವುದೋ ಈ ಒಂದು ಹಾಳೆಯಲ್ಲಿದೆ ಎಂದರೆ ಅತಿಶಯವಲ್ಲ. ಪ್ರತಿ ಕರಾರಿಗೆ ಒಂದು ಹಾಳೆ, ಪ್ರತಿ ತಿಂಗಳಿಗೆ ಒಂದು ಸಾಲು: ಯಾವ ತಿಂಗಳ ಬಾಡಿಗೆ, ಕೊಡಬೇಕಿದ್ದ ತಾರೀಖು, ಮೊತ್ತ, ಬಂದದ್ದು ಎಷ್ಟು, ಯಾವ ದಿನ, ಯಾರ ಖಾತೆಯಿಂದ, ಉಳಿದದ್ದೆಷ್ಟು. ನಿರ್ವಹಣಾ ಶುಲ್ಕ, ನೀರು, ಕರೆಂಟು ಬಾಡಿಗೆಯ ಕಾಲಂನಲ್ಲಿ ಬೆರೆಯಬಾರದು. ಅವನ್ನು ಕೇಳಲು ಕರಾರಿನಲ್ಲಿ ಪ್ರತ್ಯೇಕ ಆಧಾರ ಬೇಕು.

ಕಾಲಮಿತಿ ಮೂರು ವರ್ಷ. 1963ರ ಕಾಲಮಿತಿ ಅಧಿನಿಯಮದ ಅನುಚ್ಛೇದ 52ರಂತೆ, ಬಾಡಿಗೆ ಬಾಕಿಯಾದ ದಿನದಿಂದ ಎಣಿಕೆ ಶುರು. ಅಂದರೆ ಒಂದೊಂದು ತಿಂಗಳಿಗೂ ತನ್ನದೇ ಗಡುವು. 2023ರ ಆಗಸ್ಟ್ 5ಕ್ಕೆ ಕೊಡಬೇಕಿದ್ದ ಬಾಡಿಗೆಗೆ 2026ರ ಆಗಸ್ಟ್ 5 ಕೊನೆ. ಸೆಪ್ಟೆಂಬರ್ ಬಾಡಿಗೆಗೆ ಇನ್ನೊಂದು ತಿಂಗಳು ಉಂಟು. ಗಡುವು ಮುಗಿಯುವ ಮೊದಲೇ ಬಾಡಿಗೆದಾರ ಬಾಕಿಯನ್ನು ಒಪ್ಪಿ ಸಹಿ ಹಾಕಿದ ಪತ್ರ ಕೊಟ್ಟಿದ್ದರೆ ಆ ದಿನದಿಂದ ಹೊಸ ಮೂರು ವರ್ಷ. ಮುಗಿದ ಮೇಲೆ ಕೊಟ್ಟ ಪತ್ರಕ್ಕೆ ಈ ಬಲವಿಲ್ಲ.

ಬಿಡಿಬಿಡಿಯಾಗಿ ಬಂದ ಹಣವನ್ನು ಯಾವ ತಿಂಗಳಿಗೆ ಜಮೆ ಮಾಡಬೇಕು ಎಂಬುದಕ್ಕೆ ಕರಾರು ಅಧಿನಿಯಮದ ಕಲಂ 59ರಿಂದ 61 ಉತ್ತರ ಕೊಡುತ್ತವೆ. ಕೊಟ್ಟವನು ‘ಇದು ಮಾರ್ಚ್ ಬಾಡಿಗೆ’ ಎಂದು ಹೇಳಿ ಕೊಟ್ಟರೆ, ಯುಪಿಐ ಟಿಪ್ಪಣಿಯಲ್ಲಿ ಹಾಗೆ ಬರೆದರೂ ಸೈ, ಮಾರ್ಚ್‌ಗೇ ಜಮೆ ಮಾಡಬೇಕು. ಏನೂ ಹೇಳದಿದ್ದರೆ ಆಯ್ಕೆ ನಿಮ್ಮದು. ಕಾಲಮಿತಿ ದಾಟಿದ ಹಳೆಯ ಬಾಕಿಗೂ ಹೊಂದಿಸಿಕೊಳ್ಳಬಹುದು. ಇಬ್ಬರೂ ಸುಮ್ಮನಿದ್ದರೆ ಹಳೆಯದರಿಂದ ಮೊದಲುಗೊಂಡು ಕ್ರಮವಾಗಿ ಹೊಂದುತ್ತದೆ. ಹಣ ಬಂದ ದಿನವೇ ‘ನಿಮ್ಮ 9,000 ಕಳೆದ ಆಗಸ್ಟ್ ಬಾಕಿಗೆ ಜಮೆಯಾಗಿದೆ’ ಎಂದು ಮೂವರಿಗೂ ಒಂದು ಸಂದೇಶ ಕಳಿಸಿಟ್ಟರೆ ಪಾಟಿ ಸವಾಲಿನ ಅರ್ಧ ಗಂಟೆ ಉಳಿಯುತ್ತದೆ.

ಬಾಡಿಗೆದಾರ ಟಿಡಿಎಸ್ ಕಡಿತ ಮಾಡಿ ನಿಮ್ಮ ಪ್ಯಾನ್‌ಗೆ ಕಟ್ಟಿದ್ದರೆ ಅದು ಬಾಕಿಯಲ್ಲ, ಬಂದ ಬಾಡಿಗೆಯೇ. ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ವಿವರವಿರುವ ಫಾರಂ 26ಎಎಸ್ ತೆಗೆದು ನೋಡಿ. ಅದು ನಿಮಗೂ ಉಪಕಾರಿ: ಬಾಡಿಗೆ ಎಷ್ಟು ಎಂಬುದನ್ನು ಬಾಡಿಗೆದಾರನೇ ಸರ್ಕಾರಕ್ಕೆ ಹೇಳಿದ ದಾಖಲೆ ಅದು.

ಅಡ್ವಾನ್ಸ್ ವಿಷಯವನ್ನು ಮುಚ್ಚಿಡಬೇಡಿ. ಖಾಲಿ ಮಾಡಿ ಹೋಗಿದ್ದರೆ ಅಡ್ವಾನ್ಸ್ ಕಳೆದು ಉಳಿದದ್ದನ್ನೇ ಕೇಳಬೇಕು. ಮನೆಯಲ್ಲೇ ಇದ್ದರೆ, ಖಾಲಿ ಮಾಡುವಾಗ ಹೊಂದಿಸುತ್ತೇನೆ ಎನ್ನಬಹುದು, ಆದರೆ ಮೊತ್ತವನ್ನು ವಾದಪತ್ರದಲ್ಲಿ ಹೇಳಲೇಬೇಕು. ಮೇಲಿನ ಉದಾಹರಣೆಯಲ್ಲಿ 81,000 ಅಡ್ವಾನ್ಸ್ ಇದ್ದರೆ, ಕಳೆದು 63,000ಕ್ಕೆ ದಾವೆ ಹಾಕಿದಾಗ ಕೋರ್ಟ್ ಫೀ 3,975. ಕಳೆಯದೆ 1,44,000ಕ್ಕೆ ಹಾಕಿದರೆ 9,705. ಗೋಡೆ, ಬಾಗಿಲು ಹಾಳುಮಾಡಿರುವ ಶಂಕೆ ಇಲ್ಲದಿದ್ದರೆ ಕಳೆದು ಹಾಕುವುದೇ ಜಾಣತನ. ಬಾಕಿಗಿಂತ ಅಡ್ವಾನ್ಸೇ ಹೆಚ್ಚಿದ್ದರೆ ಹಣದ ದಾವೆಗೆ ಅರ್ಥವಿಲ್ಲ, ಮನೆ ಬಿಡಿಸುವ ಕಡೆ ಗಮನ ಕೊಡಿ.

ಇನ್ನೊಂದು ಬಲೆ ಆರ್ಡರ್ 2 ರೂಲ್ 2. ದಾವೆ ಹೂಡುವ ದಿನಕ್ಕೆ ಬಾಕಿಯಿರುವ ಅಷ್ಟನ್ನೂ ಕೇಳಿಬಿಡಬೇಕು, ಬಿಟ್ಟದ್ದನ್ನು ಮತ್ತೆ ಕೇಳುವಂತಿಲ್ಲ. ಸಂಹಿತೆಯಲ್ಲೇ ಕೊಟ್ಟಿರುವ ದೃಷ್ಟಾಂತ ಬಾಡಿಗೆಯದೇ: ವರ್ಷಕ್ಕೆ 1,200 ರೂಪಾಯಿಯ ಮನೆ, 1905, 1906, 1907ರ ಬಾಡಿಗೆ ಬಂದಿಲ್ಲ, ಮಾಲೀಕ 1908ರಲ್ಲಿ 1906ರದ್ದನ್ನು ಮಾತ್ರ ಕೇಳಿದ, 1905 ಮತ್ತು 1907ರ ಬಾಡಿಗೆ ಅವನ ಕೈಬಿಟ್ಟಿತು. ಫೀ ಉಳಿಸಲು ‘ಈಗ ಆರು ತಿಂಗಳದ್ದು ಕೇಳೋಣ, ಉಳಿದದ್ದು ಆಮೇಲೆ’ ಎನ್ನುವವರು ಈ ಹಳ್ಳಕ್ಕೇ ಬೀಳುತ್ತಾರೆ.

ಕಟ್ಟಡವನ್ನು ಇತ್ತೀಚೆಗೆ ಕೊಂಡವರಿಗೆ ಒಂದು ಮಾತು: ಕೊಳ್ಳುವ ಮೊದಲಿನ ಬಾಕಿ ತಾನಾಗಿ ನಿಮ್ಮದಾಗುವುದಿಲ್ಲ. ಹಳೆಯ ಮಾಲೀಕ ಅದನ್ನು ಲಿಖಿತವಾಗಿ ವರ್ಗಾಯಿಸಿರಬೇಕು.

ನೋಟಿಸು

ಬರೀ ಹಣ ಕೇಳುವುದಾದರೆ ನೋಟಿಸು ಕಡ್ಡಾಯವಲ್ಲ, ಆದರೂ ಕೊಡಬೇಕು. ಕರಾರಿನಲ್ಲಿ ಬಡ್ಡಿಯ ಮಾತಿಲ್ಲದಿದ್ದರೆ, 1978ರ ಬಡ್ಡಿ ಅಧಿನಿಯಮದಂತೆ ‘ಇಂದಿನಿಂದ ಬಡ್ಡಿ ಕೇಳುತ್ತೇನೆ’ ಎಂಬ ಲಿಖಿತ ನೋಟಿಸಿನ ದಿನದಿಂದಲೇ ಬಡ್ಡಿ ಕೇಳಲು ದಾರಿಯಾಗುತ್ತದೆ.

ಮನೆ ಖಾಲಿ ಮಾಡಿಸುವುದೂ ಇದ್ದರೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 106ರ ನೋಟಿಸು ಬೇಕು. ತಿಂಗಳ ಬಾಡಿಗೆಗೆ 15 ದಿನ, ನೋಟಿಸು ಕೈಸೇರಿದ ದಿನದಿಂದ ಎಣಿಕೆ. ‘ಬಾಡಿಗೆ ಕೊಡದ ಕಾರಣ ಗುತ್ತಿಗೆ ಮುಟ್ಟುಗೋಲಾಗಿದೆ’ ಎಂಬ ಧಾಟಿಯಲ್ಲಿ ಬರೆದರೆ, ವಿಚಾರಣೆಯ ವೇಳೆ ಬಾಕಿ, ಬಡ್ಡಿ, ಖರ್ಚು ಕಟ್ಟಿ ಉಳಿದುಕೊಳ್ಳಲು ಕಲಂ 114 ಬಾಡಿಗೆದಾರನಿಗೆ ಅವಕಾಶ ಮಾಡಿಕೊಡುತ್ತದೆ. ತಿಂಗಳ ಬಾಡಿಗೆಯಾಗಿದ್ದರೆ ಸರಳವಾಗಿ 106ರಡಿ ಬಾಡಿಗೆ ಕೊನೆಗೊಳಿಸುವುದು ಉತ್ತಮ. ಬಾಡಿಗೆ ತೀರಾ ಕಡಿಮೆ ಇರುವ ಹಳೆಯ ಮನೆಗಳು ಮಾತ್ರ 1999ರ ಕರ್ನಾಟಕ ಬಾಡಿಗೆ ಅಧಿನಿಯಮದೊಳಗೆ ಬರುತ್ತವೆ: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಬೇರೆಡೆ 2,000 ರೂಪಾಯಿಯೊಳಗಿನವು. ಅಲ್ಲಿ ಬೇಡಿಕೆ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು.

ಜಂಟಿ ಬಾಡಿಗೆದಾರರಲ್ಲಿ ಒಬ್ಬರಿಗೆ ನೋಟಿಸು ಮುಟ್ಟಿದರೂ ಸಾಕು ಎಂಬುದು ಕಾಂಜಿ ಮಾಂಜಿ ವಿರುದ್ಧ ಮುಂಬೈ ಬಂದರು ಟ್ರಸ್ಟಿಗಳು ಪ್ರಕರಣದಿಂದ (ಎಐಆರ್ 1963 ಎಸ್‌ಸಿ 468) ನೆಲೆಗೊಂಡ ಮಾತು. ಆದರೆ ಅದನ್ನು ನೆಚ್ಚಿ ಒಬ್ಬರಿಗೇ ಕಳಿಸುವುದು ಬೇಡ. ಎಲ್ಲರ ಹೆಸರೂ ಇರುವ ಒಂದೇ ನೋಟಿಸನ್ನು ಪ್ರತಿಯೊಬ್ಬರಿಗೂ ಬೇರೆ ಲಕೋಟೆಯಲ್ಲಿ, ಬಾಡಿಗೆ ಮನೆಯ ವಿಳಾಸಕ್ಕೂ ಆಧಾರ್‌ನಲ್ಲಿರುವ ಊರಿನ ವಿಳಾಸಕ್ಕೂ ಕಳಿಸಿ. 2025ರ ಸೆಪ್ಟೆಂಬರ್ 1ರಿಂದ ನೋಂದಾಯಿತ ಅಂಚೆ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಕೌಂಟರಿನಲ್ಲಿ ತಲುಪಿದ್ದಕ್ಕೆ ಪುರಾವೆ ಬೇಕೆಂದು ಕೇಳಿ ಪಡೆಯಿರಿ, ಟ್ರ್ಯಾಕಿಂಗ್ ಪುಟವನ್ನು ಆಗಲೇ ಮುದ್ರಿಸಿಕೊಳ್ಳಿ. ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂದು ವಾಪಸಾದ ಲಕೋಟೆಯನ್ನು ಒಡೆಯಬೇಡಿ, ಹಾಗೇ ಹಾಜರುಪಡಿಸಿ.

ನೋಟಿಸು ಕೊಟ್ಟ ಮೇಲೆ ಖಾತೆಗೆ ಬಾಡಿಗೆ ಬಂದರೆ ಸುಮ್ಮನಿರಬಾರದು. ಬಾಡಿಗೆ ಎಂದು ಒಪ್ಪಿಕೊಂಡರೆ ನೋಟಿಸನ್ನೇ ಬಿಟ್ಟುಕೊಟ್ಟಿರಿ ಎಂಬ ವಾದ ಏಳುತ್ತದೆ. ‘ಹಳೆಯ ಬಾಕಿಗೆ ಮತ್ತು ವಾಸದ ನಷ್ಟಭರ್ತಿಗೆ, ನೋಟಿಸಿನ ಹಕ್ಕಿಗೆ ಬಾಧೆಯಿಲ್ಲದಂತೆ ಸ್ವೀಕರಿಸಿದೆ’ ಎಂದು ಅಂದೇ ತಿಳಿಸಿ. ಕರೆಂಟು ತೆಗೆಸುವುದು, ನೀರು ನಿಲ್ಲಿಸುವುದು, ಬೀಗ ಹಾಕುವುದು ಬೇಡವೇ ಬೇಡ. ಕಾನೂನು ಮೀರಿ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಬರಲು ನಿರ್ದಿಷ್ಟ ಪರಿಹಾರ ಅಧಿನಿಯಮದ ಕಲಂ 6 ದಾರಿ ಕೊಡುತ್ತದೆ, ಬಾಕಿ ಇದ್ದರೂ ಸರಿ.

ಎಲ್ಲಿ, ಎಷ್ಟು ಫೀ

ಸ್ವಾಧೀನದ, ಅಂದರೆ ಮನೆ ಬಿಡಿಸಿಕೊಳ್ಳುವ, ಬೇಡಿಕೆ ಇದ್ದರೆ ಕಟ್ಟಡ ಇರುವ ಊರಿನ ನ್ಯಾಯಾಲಯ. ಬರೀ ಹಣವಾದರೆ ಬಾಡಿಗೆದಾರರು ವಾಸವಿರುವ ಊರಿನಲ್ಲೂ ಹಾಕಬಹುದು, ಆದರೆ ಮೂವರು ಮೂರು ಊರಲ್ಲಿದ್ದರೆ ಕಟ್ಟಡದ ಊರೇ ಅನುಕೂಲ. ಬೆಂಗಳೂರಿನಲ್ಲಿ ಸಣ್ಣ ಮೊತ್ತದವು ಲಘು ವ್ಯವಹಾರ ನ್ಯಾಯಾಲಯಕ್ಕೆ, ದೊಡ್ಡವು ಸಿಟಿ ಸಿವಿಲ್ ಕೋರ್ಟಿಗೆ ಹೋಗುತ್ತವೆ. ಬೇರೆಡೆ ಮೊತ್ತ ನೋಡಿ ಸಿವಿಲ್ ಅಥವಾ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ.

ಅಂಗಡಿ, ಕಚೇರಿ, ಗೋದಾಮಿನ ಬಾಡಿಗೆಯಲ್ಲಿ ಎಚ್ಚರ ಬೇಕು. ಪೂರ್ತಿ ವ್ಯಾಪಾರಕ್ಕೆ ಬಳಕೆಯಲ್ಲಿರುವ ಸ್ವತ್ತಿನ ಕರಾರು, ಮೌಲ್ಯ 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಎಂದಾದರೆ ಅದು ವಾಣಿಜ್ಯ ನ್ಯಾಯಾಲಯದ ವ್ಯಾಜ್ಯ. ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯ ಎಂದು 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಧ್ಯಸ್ಥಿಕೆಗೆ ಹೋಗದೆ ಹಾಕಿದ ದಾವೆ ತಿರಸ್ಕೃತವಾಗುತ್ತದೆ.

ಫೀ ಹಂತಹಂತವಾಗಿ ಏರುತ್ತದೆ: 15,000ದವರೆಗೆ ಶೇ. 2.5, ಅಲ್ಲಿಂದ 75,000ದವರೆಗೆ 375 ರೂಪಾಯಿ ಮತ್ತು ಮಿಕ್ಕಿದ್ದರ ಶೇ. 7.5, ಎರಡೂವರೆ ಲಕ್ಷದವರೆಗೆ 4,875 ಮತ್ತು ಶೇ. 7, 5 ಲಕ್ಷದವರೆಗೆ 17,125 ಮತ್ತು ಶೇ. 6.5. ಸ್ವಾಧೀನವನ್ನೂ ಕೇಳಿದರೆ ದಾವೆಯ ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ ಫೀ. 27,000ದ ಮನೆಗೆ ಅದು 3,24,000, ಅದೊಂದಕ್ಕೇ 21,935 ಆಗುತ್ತದೆ. ಜತೆಗೆ ಪ್ರತಿ ಪ್ರತಿವಾದಿಗೂ ಪ್ರೋಸೆಸ್ ಫೀ (ಸಮನ್ಸ್ ಜಾರಿಯ ಶುಲ್ಕ), ಪ್ರತಿಯೊಬ್ಬರಿಗೂ ವಾದಪತ್ರ ಮತ್ತು ದಾಖಲೆಗಳ ಒಂದೊಂದು ಪ್ರತಿ.

ವಾದಪತ್ರ ಮತ್ತು ದಾಖಲೆ

ಸ್ವಾಧೀನ, ಬಾಡಿಗೆ ಬಾಕಿ, ಬಾಡಿಗೆ ಕೊನೆಗೊಂಡ ಮೇಲಿನ ವಾಸಕ್ಕೆ ನಷ್ಟಭರ್ತಿ, ಈ ಮೂರನ್ನೂ ಒಂದೇ ದಾವೆಯಲ್ಲಿ ಕೇಳಲು ಆರ್ಡರ್ 2 ರೂಲ್ 4 ಅನುಮತಿಸುತ್ತದೆ. ನೋಟಿಸಿನ ಅವಧಿ ಮುಗಿದ ದಿನದವರೆಗಿನದು ಬಾಡಿಗೆ, ಆಮೇಲಿನದು ನಷ್ಟಭರ್ತಿ. ಎರಡನ್ನೂ ಬಾಡಿಗೆ ಎಂದೇ ಬರೆದರೆ ನೋಟಿಸನ್ನು ನೀವೇ ಅಲ್ಲಗಳೆದಂತೆ. ಪ್ರಾರ್ಥನೆಯ ಭಾಗದಲ್ಲಿ ಒಂದು ಪದಗುಚ್ಛ ತಪ್ಪಬಾರದು:

‘1ರಿಂದ 3ನೇ ಪ್ರತಿವಾದಿಗಳು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ರೂ. 63,000ವನ್ನು, ದಾವೆಯ ದಿನದಿಂದ ವಸೂಲಿಯವರೆಗೆ ಬಡ್ಡಿ ಸಹಿತ, ವಾದಿಗೆ ಪಾವತಿಸುವಂತೆ ಡಿಕ್ರಿ ಮಾಡಬೇಕು.’

‘ಜಂಟಿಯಾಗಿಯೂ ಪ್ರತ್ಯೇಕವಾಗಿಯೂ’ ಎಂಬುದು ಡಿಕ್ರಿಯಲ್ಲಿ ಬರದಿದ್ದರೆ ಜಪ್ತಿಯ ಹಂತದಲ್ಲಿ ಒಬ್ಬೊಬ್ಬನೂ ಮೂರನೇ ಒಂದು ಪಾಲಿನ ಲೆಕ್ಕ ತೆಗೆಯುತ್ತಾನೆ. ತೀರ್ಪು ಬಂದ ದಿನ ಡಿಕ್ರಿಯ ಕರಡನ್ನು ಓದಿ ನೋಡಿ. ಬಿಟ್ಟುಹೋಗಿದ್ದರೆ ಆಗಲೇ ತಿದ್ದುಪಡಿಗೆ ಅರ್ಜಿ ಹಾಕಿ.

ನಿಮ್ಮ ಹತ್ತಿರವಿರುವ ದಾಖಲೆಗಳನ್ನು ವಾದಪತ್ರದ ಜತೆಗೇ ಹಾಜರುಪಡಿಸಬೇಕು. ಇಲ್ಲಿ ಅತಿ ಹೆಚ್ಚು ಕೈಕೊಡುವುದು ಕರಾರುಪತ್ರದ ಛಾಪಾ ಕಾಗದ. ಮುದ್ರಾಂಕ ಶುಲ್ಕ ಕಡಿಮೆಯಿದ್ದರೆ ಪತ್ರ ಸಾಕ್ಷ್ಯಕ್ಕೆ ಬರುವುದಿಲ್ಲ. ಕೊರತೆಯ ಜತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು, ದಂಡ ಇಳಿಸುವ ವಿವೇಚನೆ ನ್ಯಾಯಾಲಯಕ್ಕಿಲ್ಲ. ಸಾಕ್ಷ್ಯದ ದಿನ ಎದುರು ವಕೀಲರು ಎದ್ದು ನಿಲ್ಲುವವರೆಗೆ ಕಾಯದೆ ಮೊದಲೇ ಸರಿಪಡಿಸಿಕೊಳ್ಳಿ. ಒಂದು ವರ್ಷಕ್ಕೂ ಮೀರಿದ ಅವಧಿಯ ಕರಾರು ನೋಂದಣಿಯಾಗಿರದಿದ್ದರೆ ಅದರ ಶರತ್ತುಗಳನ್ನು ರುಜುವಾತು ಮಾಡಲು ಅದನ್ನು ಬಳಸುವಂತಿಲ್ಲ. ಆಗ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಿಂಗಳು ತಿಂಗಳು ಬಂದ ಒಂದೇ ಮೊತ್ತ, 26ಎಎಸ್, ಸಂದೇಶಗಳೇ ಆಧಾರ. ವಾಟ್ಸ್ಆ್ಯಪ್ ಮಾತುಕತೆಯ ಮುದ್ರಿತ ಪ್ರತಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದರ ಎರಡೂ ಭಾಗಗಳನ್ನು ತುಂಬಿಸಿ, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಖ್ಯೆ) ಸಹಿತ.

ವಿದೇಶದಲ್ಲಿರುವ ಮಾಲೀಕರು ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಕೊಟ್ಟು ಅಪ್ಪನನ್ನೋ ಅಣ್ಣನನ್ನೋ ಮುಂದೆ ಬಿಡುತ್ತಾರೆ. ಜಿಪಿಎ ಹಿಡಿದವರು ದಾವೆ ನಡೆಸಬಹುದು, ಆದರೆ ಮಾಲೀಕರಿಗೆ ಮಾತ್ರ ಗೊತ್ತಿರುವ ಸಂಗತಿಗಳ ಬಗ್ಗೆ ಅವರ ಪರವಾಗಿ ಸಾಕ್ಷಿ ನುಡಿಯುವಂತಿಲ್ಲ. ಬಾಡಿಗೆ ವಸೂಲಿಯನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದವರಿಗೇ ಜಿಪಿಎ ಕೊಡಿ.

ಸಮನ್ಸ್ ಎಂಬ ಅಡ್ಡಗಾಲು

ಹಲವು ಪ್ರತಿವಾದಿಗಳ ದಾವೆ ತಿಂಗಳುಗಟ್ಟಲೆ ನಿಲ್ಲುವುದು ಇಲ್ಲಿ. ‘ಡೋರ್ ಲಾಕ್’ ಎಂದು ಷರಾ ಬರೆದು ಒಂದು ಸಮನ್ಸ್ ವಾಪಸಾದರೆ ಏಳು ದಿನದೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು. ಪ್ರಕರಣದ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ವಾರಕ್ಕೊಮ್ಮೆ ನೋಡುತ್ತಿರಿ. ಕಚೇರಿಯ ವಿಳಾಸ, ಊರಿನ ವಿಳಾಸ ಎರಡನ್ನೂ ಕೊಡಿ. ವಾದಿಯೇ ಸಮನ್ಸ್ ಒಯ್ದು ಜಾರಿಮಾಡಲೂ ಅನುಮತಿ ಕೇಳಬಹುದು. ಆಮೇಲೂ ಆಗದಿದ್ದರೆ ಬಾಗಿಲಿಗೆ ಅಂಟಿಸುವುದು, ಪತ್ರಿಕೆಯಲ್ಲಿ ಪ್ರಕಟಣೆ. ಪತ್ರಿಕೆಗೆ ಹೋಗುವ ಮೊದಲು ಒಂದು ಲೆಕ್ಕ ಹಾಕಿ: ಆ ಒಬ್ಬನನ್ನು ಬಿಟ್ಟರೂ ಉಳಿದವರು ಪೂರ್ತಿ ಹೊಣೆ, ಅವರಿಗೆ ಸಂಬಳವೂ ಉಂಟು ಎಂದಾದರೆ ಕೈಬಿಡುವುದೇ ಲಾಭ.

ಸರಿಯಾಗಿ ಮುಟ್ಟಿಸದೆ ಪಡೆದ ಏಕಪಕ್ಷೀಯ ಡಿಕ್ರಿ ಗಟ್ಟಿಯಲ್ಲ. ಆರ್ಡರ್ 9 ರೂಲ್ 13ರಡಿ ಒಬ್ಬ ಬಂದು ‘ನನಗೆ ಸಮನ್ಸೇ ಬಂದಿಲ್ಲ’ ಎಂದು ಅದನ್ನು ರದ್ದು ಮಾಡಿಸಬಹುದು. ಡಿಕ್ರಿ ಅವನೊಬ್ಬನ ಮಟ್ಟಿಗೆ ಮಾತ್ರ ರದ್ದು ಮಾಡಲಾಗದಂಥದ್ದಾದರೆ ಉಳಿದವರ ಮೇಲಿನದೂ ಬೀಳಬಹುದು.

ಸಮನ್ಸ್ ಮುಟ್ಟಿದ ಮೇಲೆ ಪ್ರತಿವಾದಿಯ ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ 90. ಬಾಡಿಗೆದಾರರಿಬ್ಬರು ಬಾಕಿ ಒಪ್ಪಿ ಒಬ್ಬ ಅಲ್ಲಗಳೆದರೆ, ಒಪ್ಪಿದವರ ಮಟ್ಟಿಗೆ ಆರ್ಡರ್ 12 ರೂಲ್ 6ರಡಿ ತಕ್ಷಣ ತೀರ್ಪು ಕೇಳಿ. ಯಾರೂ ಹಾಜರಾಗದಿದ್ದರೂ ನಿಮ್ಮ ಪ್ರಮಾಣಪತ್ರ ಸಾಕ್ಷ್ಯ, ದಾಖಲೆಗಳ ಗುರುತು ತಪ್ಪುವುದಿಲ್ಲ. ಹಾಳೆಯಲ್ಲಿ ಲೆಕ್ಕ ಕೂಡದಿದ್ದರೆ ಎದುರಿಗೆ ಯಾರಿಲ್ಲದೆಯೂ ಮೊತ್ತ ಕಡಿತವಾಗುತ್ತದೆ. ರಾಜಿಯ ಸುಳಿವು ಸಿಕ್ಕರೆ ಲೋಕ ಅದಾಲತ್‌ಗೆ ಒಯ್ಯಿರಿ. ಅಲ್ಲಿನ ಐತೀರ್ಪಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀ ಮರಳುತ್ತದೆ. ಕಂತಿನ ರಾಜಿಯಾದರೆ ‘ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಮ್ಮೆಗೇ’ ಎಂಬ ಸಾಲು ಸೇರಿಸಿ, ಪ್ರತಿಯೊಬ್ಬರ ಸಹಿ ಹಾಕಿಸಿ.

ಡಿಕ್ರಿ ಕೈಗೆ ಬಂದ ಮೇಲೆ

ಡಿಕ್ರಿ ತಾನಾಗಿ ಹಣ ತರುವುದಿಲ್ಲ, ಅದನ್ನು ಜಾರಿಗೆ ತರಲು ಅಮಲ್ಜಾರಿ ಅರ್ಜಿ ಹಾಕಬೇಕು. 12 ವರ್ಷ ಕಾಲಾವಕಾಶವಿದೆ, ಆದರೆ ಬಾಡಿಗೆದಾರರು ಕೆಲಸ ಬದಲಿಸುವ ಮೊದಲು ಹೋಗುವುದು ಲೇಸು. ಮೂವರಲ್ಲಿ ಯಾರಿಂದ ವಸೂಲಿ ಸುಲಭವೋ ಅವರ ಮೇಲೇ ಪೂರ್ತಿ ಮೊತ್ತಕ್ಕೆ ಹೋಗಿ; ಸಮನಾಗಿ ಹಂಚುವ ಹೊಣೆ ನಿಮ್ಮದಲ್ಲ. ಯಾರ ಬ್ಯಾಂಕು ಯಾವುದು ಎಂಬುದು ಬಾಡಿಗೆ ಬಂದ ದಿನಗಳ ಸ್ಟೇಟ್‌ಮೆಂಟಿನಲ್ಲೇ ಇದೆ. ಆ ಖಾತೆಯ ಹಣಕ್ಕೆ ಆರ್ಡರ್ 21 ರೂಲ್ 46-ಎ ಅಡಿ ಬ್ಯಾಂಕಿಗೆ ಗಾರ್ನಿಶೀ ನೋಟಿಸು, ಅಂದರೆ ಆ ಹಣವನ್ನು ನ್ಯಾಯಾಲಯಕ್ಕೆ ಕಟ್ಟುವಂತೆ ಹೇಳುವ ನೋಟಿಸು, ಕೊಡಿಸಬಹುದು. ಏನೂ ಗೊತ್ತಿಲ್ಲದಿದ್ದರೆ ರೂಲ್ 41ರಂತೆ ಆಸ್ತಿ ವಿವರದ ಪ್ರಮಾಣಪತ್ರ ಸಲ್ಲಿಸಲು ಆದೇಶ ಕೇಳಿ.

ಸಂಬಳ ಜಪ್ತಿಗೆ ಮಿತಿಯಿದೆ: ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 60,000 ಸಂಬಳದಲ್ಲಿ 40,333 ಅವನದು, 19,667ರವರೆಗೆ ಜಪ್ತಿ ಮಾಡಬಹುದು. 63,000ದ ಡಿಕ್ರಿ ಬಡ್ಡಿ, ಖರ್ಚು ಸೇರಿ ನಾಲ್ಕೈದು ತಿಂಗಳಲ್ಲಿ ತೀರುತ್ತದೆ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳಿಗಿಂತ ಹೆಚ್ಚು ಸಂಬಳ ಹಿಡಿಯಲಾಗದು, ಹಾಗಾಗಿ ದೊಡ್ಡ ಮೊತ್ತವಾದರೆ ಸಂಬಳವನ್ನಷ್ಟೇ ನೆಚ್ಚಬೇಡಿ. ಭವಿಷ್ಯನಿಧಿಗೆ ಕೈಹಾಕುವಂತಿಲ್ಲ. ಬೇರೆ ಜಿಲ್ಲೆಯಲ್ಲಿ ಆಸ್ತಿ ಇದ್ದರೆ ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಿಕೊಂಡು ಅಲ್ಲೇ ಜಪ್ತಿ ಮಾಡಿಸಬೇಕು.

ಒಬ್ಬ ಕೋರ್ಟಿನ ಹೊರಗೆ ಹಣ ಕೊಟ್ಟರೆ ಅದನ್ನು ಆರ್ಡರ್ 21 ರೂಲ್ 2ರಡಿ ನ್ಯಾಯಾಲಯಕ್ಕೆ ತಿಳಿಸಿ ದಾಖಲು ಮಾಡಿಸಿ, ಉಳಿದ ಮೊತ್ತಕ್ಕೆ ಹೊಸ ಲೆಕ್ಕದ ಮೆಮೊ ಸಲ್ಲಿಸಿ. ಬಂದ ಹಣವನ್ನು ಕಳೆಯದೆ ಇನ್ನೊಬ್ಬನ ಸಂಬಳಕ್ಕೆ ಪೂರ್ತಿ ಮೊತ್ತದ ಜಪ್ತಿ ಕೇಳಿದರೆ ಅವನ ಆಕ್ಷೇಪಣೆ ತೀರ್ಮಾನವಾಗುವವರೆಗೆ ಇಡೀ ಅಮಲ್ಜಾರಿಯೇ ನಿಂತುಬಿಡಬಹುದು.